ಅಪ್ಪನ ವಿಳಾಸದ ವಹಿ

ರಟ್ಟೀಹಳ್ಳಿಯ ನಮ್ಮ ತವರುಮನೆಯ ಪಡಸಾಲೆಯ ಗೂಡಿನಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ವಹಿ ಇರುತ್ತಿತ್ತು. ಅದರಲ್ಲಿ ಲೆಕ್ಕ ಇರಲಿಲ್ಲ. ಬೀಗರು-ಬಿಜ್ಜರು, ಅಪ್ಪನ ಗೆಳೆಯರು, ಕೊಟ್ಟ ಹೆಣ್ಣುಮಕ್ಕಳು, ಇವರೆಲ್ಲರ ವಿಳಾಸಗಳಿದ್ದವು. ಮನೆಯಲ್ಲಿ ಲಗ್ನ ಬಂತೆಂದರೆ ಅದು ಗೂಡಿನಿಂದ ಕೆಳಗಿಳಿಯುತ್ತಿತ್ತು.

ಈಗ ಆ ವಹಿ ನನ್ನ ಹತ್ತಿರ ಇದೆ. ತೆರೆದರೆ ನಮ್ಮ ಸೀಮೆಯ ಇತಿಹಾಸ ಓದಿದಂತಾಗುತ್ತದೆ. ಹಳೆಯ ಪುಟಗಳಲ್ಲಿ ನಮ್ಮೂರಿನ ವಿಳಾಸ ‘ತಾಲ್ಲೂಕು ಹಿರೇಕೆರೂರ, ಜಿಲ್ಲೆ ಧಾರವಾಡ, ಮೈಸೂರು ರಾಜ್ಯ’ ಎಂದಿದೆ. 1972ರ ಆಗಸ್ಟ್ 15ರಂದು ಅಂಚೆಯವರ ಪಿನ್ ಕೋಡ್ ಬಂತು. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು, ಇವುಗಳ ನಡುವೆ ಪತ್ರ ದಾರಿ ತಪ್ಪಬಾರದೆಂದು ಶ್ರೀರಾಮ ಭಿಕಾಜಿ ವೇಲಣಕರ ಅವರು ರೂಪಿಸಿದ ಆರು ಅಂಕೆಗಳ ಏರ್ಪಾಡು ಅದು. ಅಪ್ಪ ಪ್ರತಿ ಹೆಸರಿನ ಕೆಳಗೂ ಅಂಕೆಗಳನ್ನು ತುರುಕಿದ್ದಾರೆ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ‘ಮೈಸೂರು’ ಎಂಬುದರ ಮೇಲೆ ಗೆರೆ ಬಿತ್ತು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ ಜಿಲ್ಲೆ ಮಾಡಿದರು, ಇನ್ನೊಂದು ಗೆರೆ. ಮುಂದೆ ರಟ್ಟೀಹಳ್ಳಿಯೇ ತಾಲ್ಲೂಕಾದಾಗ ಗೆರೆ ಎಳೆಯಲು ಅಪ್ಪ ಇರಲಿಲ್ಲ, ನಾನು ಎಳೆದೆ. ಮನೆ ಇದ್ದಲ್ಲಿಯೇ ಇದೆ. ವಿಳಾಸ ಮಾತ್ರ ಇಷ್ಟೆಲ್ಲ ತಿರುಗಾಡಿದೆ.

ಆ ವಹಿಗೆ ಇನ್ನೆರಡು ನಕಲುಗಳಿದ್ದವು. ಒಂದು ಹಿರೇಕೆರೂರಿನ ಕಾಕಾನ ಮನೆಯಲ್ಲಿ, ಇನ್ನೊಂದು ಹುಬ್ಬಳ್ಳಿಯಲ್ಲಿದ್ದ ಅಣ್ಣನ ಹತ್ತಿರ. ದೀಪಾವಳಿಗೆ ಎಲ್ಲರೂ ಸೇರಿದಾಗ ಮೂರೂ ವಹಿಗಳನ್ನು ಹರವಿಕೊಂಡು ಕೂರುತ್ತಿದ್ದರು. ಒಬ್ಬರು ಓದುವುದು, ಇಬ್ಬರು ತಿದ್ದುವುದು. ಒಂದು ವರ್ಷ ಯಾವುದೋ ಕಾರಣಕ್ಕೆ ಹಾಗೆ ಕೂರುವುದಾಗಲಿಲ್ಲ. ಅದೇ ವರ್ಷ ನನ್ನ ಮದುವೆ. ಸವಣೂರಿನಲ್ಲಿದ್ದ ಒಬ್ಬ ಅತ್ತೆ, ಅಪ್ಪನಿಗೆ ದೂರದ ಅಕ್ಕ, ಗಂಡ ತೀರಿದ ಮೇಲೆ ಮಗಳ ಮನೆಗೆಂದು ಗದಗಿಗೆ ಹೋಗಿದ್ದರು. ಅದು ಕಾಕಾನ ವಹಿಯಲ್ಲಿ ಮಾತ್ರ ಬರೆದಿತ್ತು. ಅಪ್ಪನ ವಹಿ ನೋಡಿ ಪತ್ರಿಕೆಯನ್ನು ಸವಣೂರಿಗೇ ಕಳಿಸಿದೆವು. ಅತ್ತೆ ಬರಲಿಲ್ಲ. ಆರು ತಿಂಗಳ ಮೇಲೆ ಬಂದವರು, “ಗಂಡ ಸತ್ತ ಮ್ಯಾಲೆ ನಾ ನಿಮಗ ಬ್ಯಾಡಾದೆ ಏನೋ ತಮ್ಮಾ?” ಎಂದು ಕೇಳಿದಾಗ ಅಪ್ಪ ತಲೆ ಎತ್ತಲಿಲ್ಲ.

ವಹಿಯಲ್ಲಿ ಗಂಡಸರ ಪುಟಗಳು ಬಹುಮಟ್ಟಿಗೆ ಸ್ವಚ್ಛವಾಗಿವೆ. ಹೆಣ್ಣುಮಕ್ಕಳ ಪುಟಗಳೇ ಗೆರೆಗಳಿಂದ ತುಂಬಿವೆ. ತವರು, ಗಂಡನ ಮನೆ, ಗಂಡನಿಗೆ ವರ್ಗವಾದ ಊರು, ಕೊನೆಗೆ ಮಗನದೋ ಮಗಳದೋ ಮನೆ. ಯಾವುದಾದರೂ ಒಂದು ನಕಲಿನಲ್ಲಿ ಒಂದು ಗೆರೆ ತಪ್ಪಿದರೆ ಸಾಕು, ಅವಳು ಬಳಗದಿಂದಲೇ ತಪ್ಪಿಹೋಗುತ್ತಾಳೆ.

ಅಚ್ಚಾದ ಪಟ್ಟಿಗೆ ಈ ತೊಂದರೆ ಇಲ್ಲ. 1878ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಟೆಲಿಫೋನ್ ಇದ್ದವರ ಪಟ್ಟಿಯೊಂದು ಅಚ್ಚಾಯಿತು. ಒಂದೇ ಹಾಳೆ, 50 ಹೆಸರು, ಸಂಖ್ಯೆಗಳೇ ಇರಲಿಲ್ಲ. ಅಚ್ಚಿನ ಪಟ್ಟಿಯಲ್ಲಿ ತಪ್ಪಿದ್ದರೂ ಎಲ್ಲರ ಮನೆಯಲ್ಲೂ ಒಂದೇ ತಪ್ಪು. ನಾವೇ ಬರೆದುಕೊಂಡು ನಾವೇ ತಿದ್ದುವ ಪಟ್ಟಿಯ ಪಾಡು ಬೇರೆ. ಎರಡು ನಕಲುಗಳಾದ ದಿನದಿಂದಲೇ ಅವು ಬೇರೆ ಬೇರೆ ಮಾತಾಡತೊಡಗುತ್ತವೆ.

1990ರ ದಶಕದಲ್ಲಿ ಕಂಪ್ಯೂಟರಿನವರಿಗೂ ಇದೇ ಪೇಚು ಬಂತು. ಒಬ್ಬರಿಗೇ ಕಚೇರಿಯಲ್ಲೊಂದು, ಮನೆಯಲ್ಲೊಂದು ಕಂಪ್ಯೂಟರ್, ಎರಡರಲ್ಲೂ ವಿಳಾಸಗಳು. 1996ರಲ್ಲಿ ‘ಪೈಲಟ್’ ಎಂಬ ಅಂಗೈಯಗಲದ ಯಂತ್ರವೊಂದು ಬಂತು. ಕಂಪ್ಯೂಟರಿಗೆ ಜೋಡಿಸಿದ ಪುಟ್ಟ ತೊಟ್ಟಿಲಿನಲ್ಲಿ ಅದನ್ನು ಕೂರಿಸಿ ಒಂದು ಗುಂಡಿ ಒತ್ತಿದರೆ ಎರಡೂ ಕಡೆಯ ವಿಳಾಸಗಳು ಸರಿಹೊಂದುತ್ತಿದ್ದವು. ಒಂದರ ಬರಹವನ್ನು ಇನ್ನೊಂದು ಓದಲೆಂದು ‘ವಿಕಾರ್ಡ್’ ಎಂಬ ನಮೂನೆ ಅದೇ ಕಾಲದಲ್ಲಿ ಹುಟ್ಟಿತು. 2000ದಲ್ಲಿ ನೋಕಿಯಾ, ಎರಿಕ್ಸನ್, ಐಬಿಎಂ ಮೊದಲಾದ ಕಂಪನಿಗಳು ಸೇರಿ ‘ಸಿಂಕ್‌ಎಂಎಲ್’ ಎಂಬ ಸಾಮಾನ್ಯ ಪದ್ಧತಿಗೆ ಕೈ ಹಾಕಿದವು. 2011ರಲ್ಲಿ ‘ಕಾರ್ಡ್‌ಡ್ಯಾವ್’ ಎಂಬ ನಿಯಮ ಪ್ರಕಟವಾಯಿತು. ಅದರಲ್ಲಿ ಮೂಲ ಪ್ರತಿ ದೂರದ ಒಂದು ಕಂಪ್ಯೂಟರಿನಲ್ಲಿದ್ದು, ಉಳಿದವು ಅದನ್ನು ಕೇಳಿ ತಿದ್ದಿಕೊಳ್ಳುತ್ತವೆ.

ಇದರ ಒಳಗುಟ್ಟನ್ನು ನನಗೆ ಹೇಳಿಕೊಟ್ಟವನು ಬೆಂಗಳೂರಿನಲ್ಲಿರುವ ನನ್ನ ಮಗ. ಹೆಸರನ್ನು ನಂಬುವ ಹಾಗಿಲ್ಲ; ನಮ್ಮೂರನ್ನೇ ಕೆಲವರು ರಟ್ಟಿಹಳ್ಳಿ ಎಂದು, ಕೆಲವರು ರಟ್ಟೀಹಳ್ಳಿ ಎಂದು ಬರೆಯುತ್ತಾರೆ. ಆದ್ದರಿಂದ ಪ್ರತಿ ವಿಳಾಸಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ತರಗತಿಯಲ್ಲಿ ಇಬ್ಬರು ಸಾವಿತ್ರಿಯರಿದ್ದರೆ ನಾವು ಹಾಜರಿ ನಂಬರಿನಿಂದ ಕರೆಯುವುದಿಲ್ಲವೇ, ಹಾಗೆ. ತಿದ್ದಿದ ವೇಳೆಯೂ ದಾಖಲಾಗುತ್ತದೆ. ಎರಡು ಕಡೆ ಬೇರೆ ಬೇರೆ ತಿದ್ದಿದ್ದರೆ ಕೆಲವು ಯಂತ್ರಗಳು ನಮ್ಮನ್ನೇ ಕೇಳುತ್ತವೆ, ಕೆಲವು ಕೊನೆಗೆ ತಿದ್ದಿದ್ದನ್ನು ಒಪ್ಪಿಕೊಳ್ಳುತ್ತವೆ. ಸೇರಿಸುವುದು, ತಿದ್ದುವುದು ಇಷ್ಟಕ್ಕೆ ಮುಗಿಯುತ್ತದೆ. ಕಷ್ಟವಿರುವುದು ಅಳಿಸುವುದರಲ್ಲಿ.

ಅದು ನನಗೆ ತಿಳಿದದ್ದು ಅವ್ವ ತೀರಿಕೊಂಡ ಮೇಲೆ. ಕೈ ರೂಢಿಯಿಂದ ಅವಳ ನಂಬರನ್ನೇ ಒತ್ತುತ್ತಿತ್ತು. ಒಂದು ಸಂಜೆ ಆ ಕಡೆ ಯಾರೋ ಗಂಡಸು “ಹಲೋ” ಎಂದ. ಕಂಪನಿಯವರು ಆ ನಂಬರನ್ನು ಬೇರೆಯವರಿಗೆ ಕೊಟ್ಟಿದ್ದರು. ಅಂದೇ ಮನಸ್ಸು ಗಟ್ಟಿ ಮಾಡಿ ಅವ್ವನ ಹೆಸರು ಅಳಿಸಿದೆ. ಎಷ್ಟೋ ತಿಂಗಳ ಮೇಲೆ ಮಗ ರಜೆಗೆ ಬಂದು, ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರ್ ಇಳಿಸಿ ಚಾಲೂ ಮಾಡಿದ. ಮರುದಿನ ಶಾಲೆಯಲ್ಲಿ ಮೊಬೈಲ್ ತೆರೆದರೆ ಪಟ್ಟಿಯ ಮೊದಲಿಗೇ ‘ಅವ್ವ’. ಎದೆ ಧಸಕ್ಕೆಂದಿತು.

ಮಗ ಬಿಡಿಸಿ ಹೇಳಿದ. ಒಂದು ನಕಲಿನಲ್ಲಿ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಇಲ್ಲಿ ಅಳಿಸಿದ್ದೋ, ಅಲ್ಲಿ ಹೊಸದಾಗಿ ಸೇರಿಸಿದ್ದೋ? ಬರಿಯ ಖಾಲಿ ಜಾಗ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಅಳಿಸಿದ ಕಡೆ ‘ಇಲ್ಲೊಂದು ಹೆಸರಿತ್ತು’ ಎಂಬ ಗುರುತು ಉಳಿಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಟೂಂಬ್‌ಸ್ಟೋನ್, ಅಂದರೆ ಗೋರಿಯ ಕಲ್ಲು. ಕೆಲವು ಕಾಲವಾದ ಮೇಲೆ ಜಾಗ ಉಳಿಸಲು ಆ ಗುರುತನ್ನೂ ತೆಗೆಯುತ್ತಾರೆ. ಅಷ್ಟು ದಿನ ಮುಚ್ಚಿಟ್ಟಿದ್ದ ಕಂಪ್ಯೂಟರ್ ಆಮೇಲೆ ಎದ್ದು ಬಂದರೆ ಅದಕ್ಕೆ ಸುದ್ದಿಯೇ ತಲುಪಿರುವುದಿಲ್ಲ. ತನ್ನಲ್ಲಿದ್ದದ್ದನ್ನು ಎಲ್ಲರಿಗೂ ಹಂಚಿಬಿಡುತ್ತದೆ.

“ಸಾವಿನ ಸುದ್ದಿ ಮುಟ್ಟಿಲ್ಲ ಅಷ್ಟ, ಅಮ್ಮಾ,” ಎಂದ.

ನಾನು ಎದ್ದು ಹೋಗಿ ಅಪ್ಪನ ವಹಿ ತಂದೆ. ಅಪ್ಪ ಯಾವ ಹೆಸರನ್ನೂ ಅಳಿಸಿರಲಿಲ್ಲ, ಹಾಳೆ ಹರಿದಿರಲಿಲ್ಲ. ತೀರಿಕೊಂಡವರ ಹೆಸರಿನ ಮೇಲೆ ಒಂದೇ ಒಂದು ತೆಳ್ಳನೆಯ ಗೆರೆ, ಪಕ್ಕದಲ್ಲಿ ತಾರೀಖು. ಕಾಕಾ, ಅಣ್ಣ ಆ ಗೆರೆ ನೋಡಿ ತಮ್ಮ ವಹಿಗಳಲ್ಲೂ ಗೆರೆ ಎಳೆಯುತ್ತಿದ್ದರು. ಗೆರೆಯ ಕೆಳಗೆ ಹೆಸರು ಚೆನ್ನಾಗಿ ಓದಲು ಬರುತ್ತಿತ್ತು. ನಮ್ಮ ಸೀಮೆಯಲ್ಲಿ ಕಾಣುವ ವೀರಗಲ್ಲುಗಳೂ ಹಾಗೆಯೇ ಅಲ್ಲವೇ? ಸತ್ತ ಎಂಬುದನ್ನೂ ಹೇಳುತ್ತವೆ, ಇದ್ದ ಎಂಬುದನ್ನೂ ಹೇಳುತ್ತವೆ. ಮಹಾಸತಿಗಲ್ಲುಗಳನ್ನು ಬಿಟ್ಟರೆ ಕಲ್ಲಿನ ಭಾಗ್ಯ ಹೆಂಗಸರಿಗೆ ದೊರೆತದ್ದು ಕಡಿಮೆ. ಅಪ್ಪನ ವಹಿಯಲ್ಲಿ ಆ ಭೇದವಿರಲಿಲ್ಲ.

“ತಗದು ಬಿಡ್ಲೇನು?” ಎಂದು ಮಗ ಕೇಳಿದ.

“ಬ್ಯಾಡ. ನಂಬರ್ ಅಷ್ಟ ತಗಿ,” ಎಂದೆ.

ಈಗ ನಮ್ಮೆಲ್ಲರ ಮೊಬೈಲುಗಳಲ್ಲಿ ‘ಅವ್ವ’ ಇದ್ದಾಳೆ. ಹೆಸರು, ಊರು, ಮತ್ತು ಒಂದು ತಾರೀಖು. ಮೊನ್ನೆ ದೀಪಾವಳಿಗೆ ಮಗನನ್ನು, ಅಣ್ಣನ ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿ, ಬಳಗದ ಹೆಸರುಗಳನ್ನು ಒಂದೊಂದಾಗಿ ಓದಿಸಿದೆ. ಇಬ್ಬರು ಹೆಣ್ಣುಮಕ್ಕಳ ವಿಳಾಸ ಬದಲಾದದ್ದು ಯಾರ ಮೊಬೈಲಿನಲ್ಲೂ ಇರಲಿಲ್ಲ. ಮುಂದಿನ ಲಗ್ನಕ್ಕೆ ಮೊದಲು ಗೊತ್ತಾದದ್ದು ಒಳ್ಳೆಯದಾಯಿತು.