ದೇಹದಲ್ಲಿ ನೀರು ಮತ್ತು ಲವಣಗಳ ಸಮತೋಲನ

ಮಾನವ ದೇಹದ ತೂಕದಲ್ಲಿ ನೀರಿನ ಪಾಲು ವಯಸ್ಕ ಪುರುಷರಲ್ಲಿ ಸುಮಾರು ಶೇ. 60ರಷ್ಟಿದ್ದು, ನವಜಾತ ಶಿಶುಗಳಲ್ಲಿ ಶೇ. 70ಕ್ಕೂ ಹೆಚ್ಚಾಗಿರುತ್ತದೆ. ಇದು ಬರಿಯ ನೀರಲ್ಲ. ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳು ಗೊತ್ತಾದ ಪ್ರಮಾಣದಲ್ಲಿ ಕರಗಿರುವ ದ್ರಾವಣ. ರಕ್ತದಲ್ಲಿನ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್‌ಗಳ ಕಿರಿದಾದ ಮಿತಿಯೊಳಗೇ ಇರುವಂತೆ ದೇಹವು ಹಗಲಿರುಳು ನೋಡಿಕೊಳ್ಳುತ್ತದೆ. ಹೊರಗಿನ ಪರಿಸ್ಥಿತಿ ಬದಲಾದರೂ ಒಳಗಿನ ಸ್ಥಿತಿಯನ್ನು ಕಾಯ್ದುಕೊಳ್ಳುವ ಈ ಗುಣಕ್ಕೆ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರು 1926ರಲ್ಲಿ ‘ಹೋಮಿಯೊಸ್ಟಾಸಿಸ್’ ಎಂದು ಹೆಸರಿತ್ತರು. ಕನ್ನಡದಲ್ಲಿ ಇದನ್ನು ಆಂತರಿಕ ಸಮಸ್ಥಿತಿ ಎನ್ನಬಹುದಾಗಿದೆ.

ಸಮತೋಲನ ಕಾಯುವ ಬಗೆ

ಬಿಸಿಲಿನಲ್ಲಿ ದುಡಿದು ಬೆವರು ಹರಿದಾಗ ರಕ್ತದಲ್ಲಿ ನೀರಿನ ಅಂಶ ತಗ್ಗಿ ಲವಣದ ಸಾಂದ್ರತೆ ಏರುತ್ತದೆ. ಶೇ. 1 ಅಥವಾ 2ರಷ್ಟು ಅಲ್ಪ ಏರಿಕೆಯನ್ನೂ ಮೆದುಳಿನ ಹೈಪೋಥಲಾಮಸ್ ಭಾಗವು ಗುರುತಿಸಿ, ಬಾಯಾರಿಕೆಯನ್ನು ಉಂಟುಮಾಡುವುದರ ಜೊತೆಗೆ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುವಂತೆ ಮಾಡುತ್ತದೆ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆಯಾದರೂ ಮೂತ್ರವಾಗಿ ಹೊರಹೋಗುವುದು ಸಾಮಾನ್ಯವಾಗಿ 1ರಿಂದ 2 ಲೀಟರ್ ಮಾತ್ರ. ವ್ಯಾಸೊಪ್ರೆಸಿನ್ ಹೆಚ್ಚಿದಾಗ ಈ ಪ್ರಮಾಣವು ಮತ್ತಷ್ಟು ಇಳಿದು ಮೂತ್ರವು ಗಾಢ ಹಳದಿಯಾಗುತ್ತದೆ. ರಕ್ತದ ಒಟ್ಟು ಪ್ರಮಾಣವೇ ಕುಗ್ಗಿದಲ್ಲಿ ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರೋನ್ ಹಾರ್ಮೋನು ಸೋಡಿಯಂ ಮೂತ್ರದಲ್ಲಿ ಹೋಗದಂತೆ ತಡೆಯುತ್ತದೆ.

ಆದರೆ ಮೂತ್ರಪಿಂಡಗಳು ಇರುವುದನ್ನು ಉಳಿಸಬಲ್ಲವೇ ಹೊರತು ಕಳೆದುಹೋದುದನ್ನು ಮರಳಿ ತರಲಾರವು. ಎಳೆಯ ಮಕ್ಕಳ ಮೂತ್ರಪಿಂಡಗಳಿಗೆ ನೀರನ್ನು ಉಳಿಸುವ ಶಕ್ತಿಯೂ ಕಡಿಮೆ.

ಅತಿಸಾರದಲ್ಲಿ ಆಗುವ ವ್ಯತ್ಯಯ

ಕುಡಿದ ನೀರು ಹಾಗೂ ಜೀರ್ಣರಸಗಳು ಸೇರಿ ವಯಸ್ಕರ ಕರುಳಿಗೆ ದಿನಕ್ಕೆ ಸುಮಾರು 9 ಲೀಟರ್ ದ್ರವ ಬರುತ್ತದೆ. ಆರೋಗ್ಯವಂತರ ಮಲದಲ್ಲಿ ಹೊರಹೋಗುವುದು 100ರಿಂದ 200 ಮಿ.ಲೀ. ಮಾತ್ರ, ಉಳಿದುದೆಲ್ಲವೂ ಹೀರಲ್ಪಡುತ್ತದೆ. ಅತಿಸಾರದಲ್ಲಿ ಈ ಲೆಕ್ಕ ತಪ್ಪಿ ನೀರಿನೊಂದಿಗೆ ಸೋಡಿಯಂ ಮತ್ತು ಪೊಟ್ಯಾಸಿಯಂ ಸಹ ನಷ್ಟವಾಗುತ್ತವೆ. ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ದ್ರವ ಹೋಗಬಹುದು. ಆಗ ಬರಿಯ ನೀರನ್ನೇ ಕುಡಿಸುತ್ತಿದ್ದರೆ ಹೋದ ಲವಣ ಮರಳಿ ಬಾರದು; ರಕ್ತದ ಸೋಡಿಯಂ ಮತ್ತಷ್ಟು ತೆಳುವಾಗಿ ಮಗುವಿಗೆ ಸೆಳವು ಬರುವ ಸಂಭವವೂ ಉಂಟು.

ಅತಿಸಾರದಿಂದ ಬಳಲಿದ ಕರುಳಿನಲ್ಲಿಯೂ ಒಂದು ದ್ವಾರ ಬಹುಮಟ್ಟಿಗೆ ತೆರೆದೇ ಇರುತ್ತದೆ. ಕರುಳಿನ ಜೀವಕೋಶಗಳು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಯಾಗಿ ಒಳಗೆಳೆದುಕೊಳ್ಳುತ್ತವೆ, ಅವುಗಳ ಬೆನ್ನಿಗೇ ನೀರೂ ಸಾಗುತ್ತದೆ. ಓ.ಆರ್.ಎಸ್. ಜೀವಜಲದಲ್ಲಿ ಸಕ್ಕರೆ ಅಂಶವಿರುವುದು ಇದೇ ಕಾರಣಕ್ಕೆ, ರುಚಿಗಾಗಿ ಅಲ್ಲ. 1971ರಲ್ಲಿ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತರಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ನೀಡುವ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಹಾಗೂ ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಘೋಷಿಸಲಾಯಿತು.

ಜೀವಜಲ ತಯಾರಿಕೆ ಮತ್ತು ಬಳಕೆ

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ 20.5 ಗ್ರಾಂ ತೂಕದ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸತಕ್ಕದ್ದು. ಅರ್ಧ ಪೊಟ್ಟಣವನ್ನು ಅಂದಾಜಿನಿಂದ ಲೋಟಕ್ಕೆ ಹಾಕುವುದು ಅಪಾಯಕರ. ನೀರು ಕಡಿಮೆಯಾದಲ್ಲಿ ಲವಣ ಮಿತಿಮೀರುತ್ತದೆ. ತಯಾರಿಸಿದ ದ್ರಾವಣವನ್ನು 24 ಗಂಟೆಗಳ ನಂತರ ಬಳಸಬಾರದು. ಪ್ರತಿ ಬಾರಿ ಭೇದಿಯಾದ ನಂತರ 2 ವರ್ಷದೊಳಗಿನ ಮಕ್ಕಳಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ನೀಡಬೇಕು. ವಾಂತಿಯಾದಲ್ಲಿ 10 ನಿಮಿಷ ತಡೆದು ಚಮಚದಿಂದ ನಿಧಾನವಾಗಿ ಮುಂದುವರಿಸುವುದು. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ಉಪ್ಪು ಹಾಕಿದ ಅಕ್ಕಿ ಗಂಜಿಯನ್ನು ಊಟ ಮಾಡುವ ವಯಸ್ಸಿನ ಮಕ್ಕಳಿಗೆ ಕೊಡಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಯಥೇಚ್ಛವಾಗಿದ್ದರೂ ಸೋಡಿಯಂ ಕಡಿಮೆಯಿರುವುದರಿಂದ ಅದು ಜೀವಜಲಕ್ಕೆ ಬದಲಿಯಲ್ಲ. ಹೆಚ್ಚು ಸಕ್ಕರೆಯುಳ್ಳ ಪಾನೀಯಗಳು ಕರುಳಿನೊಳಕ್ಕೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತವೆ. ಇಂತಹ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಪದ ಬಳಸುವುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಅಕ್ಟೋಬರ್ 2025ರಲ್ಲಿ ನಿಷೇಧಿಸಿದೆ. ಕೊಳ್ಳುವವರು ಪೊಟ್ಟಣದ ಮೇಲಿನ ಸೂತ್ರವನ್ನು ಓದಿ ನೋಡುವುದು ಒಳಿತು.

ಓ.ಆರ್.ಎಸ್. ಪೊಟ್ಟಣ ಹಾಗೂ ಸತುವಿನ ಮಾತ್ರೆಗಳಿಗಾಗಿ ಸಾರ್ವಜನಿಕರು ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಒಟ್ಟು 14 ದಿನ ನೀಡಬೇಕಾಗುತ್ತದೆ. ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಿರುಗಿದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಮಂಕಾಗಿ ಕುಡಿಯಲೂ ಆಗದಿದ್ದರೆ ವಿಳಂಬಿಸದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತುರ್ತು ವಾಹನಕ್ಕಾಗಿ 108 ಸಂಖ್ಯೆಗೆ ಕರೆ ಮಾಡಬಹುದು. ಕುಡಿಯಬಲ್ಲ ಮಗುವಿಗೆ ದಾರಿಯಲ್ಲಿಯೂ ಜೀವಜಲವನ್ನು ಗುಟುಕು ಗುಟುಕಾಗಿ ಕೊಡುತ್ತಿರಬೇಕು.