ಉತ್ಸವಮೂರ್ತಿಯೂ ವಸ್ತುಸಂಗ್ರಹಾಲಯವೂ

ಚೋಳರ ಕಾಲದ ಸ್ಥಪತಿಗಳು ಎರಕಹೊಯ್ದ ಲೋಹಮೂರ್ತಿಗಳನ್ನು ನಾವಿಂದು ನೋಡುವ ಬಗೆಗೂ, ಹತ್ತು ಹನ್ನೊಂದನೆಯ ಶತಮಾನದ ತಂಜಾವೂರು ಸೀಮೆಯ ಭಕ್ತರು ಅವನ್ನು ಕಂಡ ಬಗೆಗೂ ಅಗಾಧವಾದ ಅಂತರವಿದೆ. ಗರ್ಭಗೃಹದ ಲಿಂಗ ಅಚಲವಾದುದು; ಬೀದಿಗೆ ಬಂದು ಸಕಲರಿಗೂ ದರ್ಶನವೀಯುತ್ತಿದ್ದುದು ಉತ್ಸವಮೂರ್ತಿ. ಹೊರುವ ದಂಡಿಗೆಗಳನ್ನು ಪೋಣಿಸಲೆಂದು ಪೀಠದಲ್ಲಿ ಬಿಟ್ಟ ರಂಧ್ರಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿವೆ. ಪಟ್ಟೆವಸ್ತ್ರ, ಪುಷ್ಪಮಾಲೆ, ಆಭರಣಗಳ ನಡುವೆ ದೇವರ ಮುಖವಷ್ಟೇ ಗೋಚರಿಸುತ್ತಿತ್ತು; ಸ್ಥಪತಿ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದು ರೂಪಿಸಿದ ಅಂಗಸೌಷ್ಠವವು ಅಭಿಷೇಕದ ಹೊತ್ತಿನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತಿತ್ತು.

ಮುಚ್ಚಿಹೋಗುವುದೆಂದರಿತೂ ಆತ ಬೆನ್ನಿನ ಬಾಗನ್ನಾಗಲಿ ಬೆರಳಿನ ಕೊಂಕನ್ನಾಗಲಿ ಉಪೇಕ್ಷಿಸಲಿಲ್ಲ. ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಮೇಲೆ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿದಾಗ ಮೇಣ ಕರಗಿ ಹರಿದುಹೋದ ಟೊಳ್ಳಿಗೆ ಲೋಹದ ರಸವನ್ನು ಹೊಯ್ಯುವ ಈ ಮಧೂಚ್ಛಿಷ್ಟವಿಧಾನವನ್ನು, ಮೇಣದ ತೂಕದಿಂದ ಲೋಹದ ತೂಕವನ್ನು ನಿರ್ಣಯಿಸುವ ಕ್ರಮದೊಡನೆ, ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ. ಮೂರ್ತಿಯನ್ನು ಹೊರತೆಗೆಯಲು ಅಚ್ಚನ್ನು ಒಡೆಯಲೇಬೇಕಾದುದರಿಂದ ಅಂತಹುದೇ ಇನ್ನೊಂದು ಹುಟ್ಟುವಂತಿರಲಿಲ್ಲ.

ವಸ್ತುಸಂಗ್ರಹಾಲಯವು ಹೂವನ್ನೂ ವಸ್ತ್ರವನ್ನೂ ಕಳಚಿತು. ಮದರಾಸಿನ ಸಂಗ್ರಹಾಲಯದಲ್ಲಿದ್ದ ತಿರುವಾಲಂಗಾಡಿನ ನಟರಾಜನ ಛಾಯಾಚಿತ್ರಗಳನ್ನು ನೋಡಿ, ಭಾರತದ ನೆಲವನ್ನೇ ಮೆಟ್ಟದಿದ್ದ ಫ್ರಾನ್ಸಿನ ಮಹಾಶಿಲ್ಪಿ ರೋದಾ ಬರೆದ ಪ್ರಶಂಸೆಯು, ಆತ ತೀರಿಕೊಂಡ ಮೇಲೆ 1921ರಲ್ಲಿ ಪ್ರಕಟವಾಯಿತು. ಈ ನೋಟವನ್ನು ಅಪಚಾರವೆಂದು ಹಳಿಯುವವರ ಪಕ್ಷ ನನ್ನದಲ್ಲ. ಶತಮಾನಗಳ ಕಾಲ ಅರ್ಚಕನೊಬ್ಬನೇ ಬಲ್ಲ ಕೌಶಲಕ್ಕೆ ಅಲ್ಲಿ ಲೋಕದ ಗೌರವ ಸಂದಿತು. ಆದರೆ ಹೆಗಲ ಮೇಲೆ ತೂಗುತ್ತ, ಪಂಜಿನ ಬೆಳಕಿನಲ್ಲಿ ಸಾಗಲೆಂದೇ ಹುಟ್ಟಿದ ಮೂರ್ತಿಯು ಗಾಜಿನ ಹಿಂದೆ ನಿಂತಾಗ ಅದರ ಬಾಳಿನ ಅರ್ಧವು ನಮಗೆ ತಿಳಿಯದೆ ಹೋಗುವುದೂ ಅಷ್ಟೇ ದಿಟ.

ಇಂತಹ ಮೂರ್ತಿಯೊಂದರ ಬಾಳು ನ್ಯಾಯಾಲಯವನ್ನೂ ಹೊಕ್ಕುದುಂಟು. 1976ರಲ್ಲಿ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ, ಪಾಳುಬಿದ್ದ ದೇಗುಲದ ಬಳಿ ಕೂಲಿಕಾರನೊಬ್ಬನಿಗೆ ನೆಲದಡಿ ದೊರೆತ ನಟರಾಜನು ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ನು ಸೇರಿದನು. ಅಲ್ಲಿ ನಡೆದ ವ್ಯಾಜ್ಯದಲ್ಲಿ ಹಕ್ಕು ಕೇಳಿದವರ ಸಾಲಿನಲ್ಲಿ ಆ ದೇಗುಲದ ಶಿವಲಿಂಗವೂ ಇತ್ತು! 1988ರಲ್ಲಿ ನ್ಯಾಯಾಲಯವು ದೇಗುಲದ ಪರವಾಗಿ ತೀರ್ಪಿತ್ತಿತು. ಮೇಲ್ಮನವಿಯಲ್ಲೂ ಅದೇ ಸ್ಥಿರಗೊಂಡು, 1991ರಲ್ಲಿ ಮೂರ್ತಿಯು ಸ್ವದೇಶಕ್ಕೆ ಮರಳಿತು. ದೇವರಿಗೂ ಸ್ವತ್ತಿನ ಹಕ್ಕುಂಟೆಂಬ ನಮ್ಮ ಪರಂಪರೆಯ ಭಾವನೆಗೆ ಆಧುನಿಕ ಲಂಡನ್ನಿನ ನ್ಯಾಯಪೀಠವು ಹೀಗೆ ಮನ್ನಣೆಯಿತ್ತುದು ನನಗೆ ಅತ್ಯಂತ ಸಂತೋಷದ ಸಂಗತಿ. ಆದರೂ ನಟರಾಜನು ಪತ್ತೂರಿನ ಬೀದಿಗೆ ಬರಲಿಲ್ಲ. ಕಳವಿನ ಭಯದಿಂದ, ಅನ್ಯ ದೇಗುಲಗಳ ಮೂರ್ತಿಗಳೊಡನೆ, ತಿರುವಾರೂರಿನ ಭದ್ರ ಕೊಠಡಿಯಲ್ಲಿ ಅವನನ್ನು ಇರಿಸಲಾಯಿತು.