ಅಮೆರಿಕಾದ ಬಾಲಕ ಕೃಷಿಸಂಘಗಳ ಪೂರ್ವೇತಿಹಾಸ

ಆಯೋದಧೌಮ್ಯನೆಂಬ ಋಷಿಯು ತನ್ನ ಶಿಷ್ಯನಾದ ಪಾಂಚಾಲದೇಶದ ಆರುಣಿಯನ್ನು ಕರೆದು, ಒಡೆದುಹೋದ ಗದ್ದೆಯ ಬದುವನ್ನು ಕಟ್ಟಿ ಬರುವಂತೆ ಆಜ್ಞಾಪಿಸಿದನೆಂದೂ, ಬೇರಾವ ಉಪಾಯವೂ ಸಾಗದೆ ಆ ಬಾಲಕನು ತನ್ನ ಮೈಯನ್ನೇ ಅಡ್ಡಲಾಗಿ ಚಾಚಿ ನೀರನ್ನು ತಡೆದನೆಂದೂ ಮಹಾಭಾರತದ ಆದಿಪರ್ವದಲ್ಲಿ ಹೇಳಿದೆ. ಛಾಂದೋಗ್ಯದ ಸತ್ಯಕಾಮ ಜಾಬಾಲನು ನಾನೂರು ಬಡಕಲು ಗೋವುಗಳನ್ನು ಕಾಯಲು ಹೋಗಿ, ಅವು ಸಾವಿರವಾಗುವವರೆಗೆ ಗುರುಗೃಹಕ್ಕೆ ಹಿಂದಿರುಗಲಿಲ್ಲ. ಈ ಉಪಾಖ್ಯಾನಗಳನ್ನು ನಾವು ಪಾಠಶಾಲೆಯಲ್ಲಿ ಗುರುಭಕ್ತಿಗೆ ದೃಷ್ಟಾಂತಗಳೆಂದು ಓದಿದೆವು. ಗದ್ದೆಯೂ ಗೋವುಗಳೂ ಆ ಶಿಷ್ಯರಿಗೆ ಏನನ್ನಾದರೂ ಕಲಿಸಿದುವೇ ಎಂದು ಯಾರೂ ಕೇಳಲಿಲ್ಲ. ಸತ್ಯಕಾಮನಿಗೆ ಬ್ರಹ್ಮದ ಮೊದಲನೆಯ ಪಾದವನ್ನು ಉಪದೇಶಿಸಿದುದು ಆ ಹಿಂಡಿನ ವೃಷಭವೇ ಎಂದು ಶ್ರುತಿಯೇ ಸ್ಪಷ್ಟವಾಗಿ ಹೇಳುತ್ತಿದ್ದರೂ ನಮಗೆ ಆ ಪ್ರಶ್ನೆ ಹೊಳೆಯಲಿಲ್ಲ.

ಈ ಪ್ರಶ್ನೆಯನ್ನು ಶಾಸ್ತ್ರಗ್ರಂಥದಲ್ಲಿ ಅಲ್ಲದೆ ಹೊಲದಲ್ಲಿಯೇ ಕೇಳಿ, ಅಲ್ಲಿಯೇ ಉತ್ತರವನ್ನು ಪಡೆದ ಒಂದು ಚಳವಳಿಯ ಆದಿಕಾಲವನ್ನು ನಿರೂಪಿಸುವುದು ಈ ಲೇಖನದ ಉದ್ದೇಶ. ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ಫೋರ್-ಎಚ್ ಎಂಬ ಹೆಸರಿನಿಂದ ನಡೆಯುತ್ತಿರುವ ಬಾಲಕಬಾಲಿಕೆಯರ ಸಂಘಗಳೇ ಆ ಚಳವಳಿ. ಅದರಲ್ಲಿ ಇಂದು ಸುಮಾರು 60 ಲಕ್ಷ ಮಕ್ಕಳು ಸೇರಿರುವರೆಂದು ಆ ಸಂಸ್ಥೆಯವರು ಲೆಕ್ಕ ಹೇಳುತ್ತಾರೆ. ನನಗೆ ಆಸಕ್ತಿಯಿರುವುದು ಈ ದೊಡ್ಡ ಸಂಖ್ಯೆಯಲ್ಲಿ ಅಲ್ಲ, ಮೊದಲ ಹದಿನೈದು ವರ್ಷಗಳಲ್ಲಿ.

ಆದಿಯು ಯಾವುದೆಂಬ ವಿಷಯದಲ್ಲಿ ವಿವಾದವಿದೆ. 1902ನೆಯ ಇಸವಿ ಜನವರಿ 15ರಂದು ಒಹಾಯೋ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ, ಏ. ಬಿ. ಗ್ರಹಾಂ ಎಂಬ ಶಾಲಾಧಿಕಾರಿಯು ಸುಮಾರು ಮೂವತ್ತು ಮಂದಿ ಹುಡುಗಹುಡುಗಿಯರನ್ನು ನ್ಯಾಯಾಲಯದ ನೆಲಮಾಳಿಗೆಯಲ್ಲಿ ಕೂಡಿಸಿದನು. ಅವರು ಮಣ್ಣು ಹುಳಿಯೋ ಅಲ್ಲವೋ ಎಂಬುದನ್ನು ಲಿಟ್ಮಸ್ ಕಾಗದದಿಂದ ಪರೀಕ್ಷಿಸಿದರು, ಮುಸುಕಿನ ಜೋಳದ ಬೀಜವನ್ನು ಆರಿಸಿ ಬಿತ್ತಿದರು, ತೋಟ ಮಾಡಿದರು. ಸಂಸ್ಥೆಯವರು ಈ ದಿನವನ್ನೇ ಜನ್ಮದಿನವೆಂದು ಎಣಿಸುತ್ತಾರೆ. ಆದರೆ ಅದಕ್ಕೆ ಮುಂಚೆಯೇ, 1899ರ ಸುಮಾರಿನಲ್ಲಿ, ಇಲಿನಾಯ್ ಸಂಸ್ಥಾನದ ವಿಲ್ ಆಟ್ವೆಲ್ ಎಂಬಾತನು ರೈತರ ಸಭೆಯನ್ನು ಕರೆದಾಗ ಹೆಚ್ಚುಕಡಿಮೆ ಯಾರೂ ಬರಲಿಲ್ಲ. ಆತನು ಬೇಸರಪಡದೆ ರೈತರ ಮಕ್ಕಳಿಗೆ ಒಳ್ಳೆಯ ಬೀಜದ ಪೊಟ್ಟಣಗಳನ್ನು ಹಂಚಿ, ಬೆಳೆದ ತೆನೆಗಳಿಗೆ ಬಹುಮಾನವನ್ನು ಸಾರಿದನು. ಮಕ್ಕಳು ತೆನೆಗಳನ್ನು ಹೊತ್ತು ಬಂದರು. ಅವರ ಹಿಂದೆ ತಂದೆತಾಯಿಗಳೂ ಬಂದರು, ಸಭೆ ತುಂಬಿತು. ಅಯೋವಾ ಸಂಸ್ಥಾನದಲ್ಲಿ ಜೆಸ್ಸಿ ಫೀಲ್ಡ್ ಎಂಬ ಉಪಾಧ್ಯಾಯಿನಿಯೂ ಇದೇ ಕಾಲದಲ್ಲಿ ಇಂಥ ಸಂಘಗಳನ್ನು ಕಟ್ಟಿದಳು. ಹಲವು ಬುಗ್ಗೆಗಳಿಂದ ಹುಟ್ಟಿದ ಹೊಳೆಗೆ ಒಂದೇ ಮೂಲವನ್ನು ಗೊತ್ತುಮಾಡುವುದು ಉತ್ಸವಕ್ಕೆ ಅನುಕೂಲವೇ ಹೊರತು ಇತಿಹಾಸಕ್ಕೆ ಅಗತ್ಯವಲ್ಲವೆಂದು ನನ್ನ ಅಭಿಪ್ರಾಯ.

ಈ ಹೊಳೆಗೆ ದಡಗಳನ್ನು ಕಟ್ಟಿದವನು ಸೀಮನ್ ನ್ಯಾಪ್ (1833-1911). ಮೆಕ್ಸಿಕೋ ದೇಶದ ಕಡೆಯಿಂದ ಬಂದ ಸೊಂಡಿಲಿನ ಹುಳುವೊಂದು 1892ರ ವೇಳೆಗೆ ಟೆಕ್ಸಾಸನ್ನು ಹೊಕ್ಕು, ಹತ್ತಿಯ ಕಾಯಿಯನ್ನು ಒಳಗಿನಿಂದಲೇ ತಿಂದುಹಾಕುತ್ತಿದ್ದಿತು. ಸರ್ಕಾರವು ಪುಸ್ತಿಕೆಗಳನ್ನು ಅಚ್ಚುಹಾಕಿಸಿತು. ರೈತರು ಓದಲಿಲ್ಲ, ಓದಿದವರು ನಂಬಲಿಲ್ಲ. 1903ರಲ್ಲಿ ನ್ಯಾಪನು ಟೆಕ್ಸಾಸಿನ ಟೆರೆಲ್ ಎಂಬ ಊರಿನಲ್ಲಿ, ಸರ್ಕಾರದ ತೋಟವನ್ನು ಬಿಟ್ಟು, ವಾಲ್ಟರ್ ಪೋರ್ಟರ್ ಎಂಬ ಒಬ್ಬ ರೈತನ ಸ್ವಂತ ಹೊಲದಲ್ಲಿ ಆ ರೈತನ ಕೈಯಿಂದಲೇ ಹೊಸ ಕ್ರಮವನ್ನು ಮಾಡಿಸಿದನು. ನಷ್ಟವಾದರೆ ತುಂಬಿಕೊಡಲು ಊರಿನವರು 1000 ಡಾಲರುಗಳ ನಿಧಿಯನ್ನು ಕೂಡಿಸಿಟ್ಟಿದ್ದರು. ಅದನ್ನು ಮುಟ್ಟುವ ಸಂದರ್ಭವೇ ಬರಲಿಲ್ಲ.

ಮನುಷ್ಯನು ಕೇಳಿದುದನ್ನು ಸಂಶಯಿಸಬಹುದು, ಕಂಡುದನ್ನೂ ಸಂಶಯಿಸಬಹುದು, ತಾನೇ ಮಾಡಿದುದನ್ನು ಮಾತ್ರ ಸಂಶಯಿಸಲಾರನೆಂಬುದು ನ್ಯಾಪನ ಸಿದ್ಧಾಂತ. ಇದನ್ನು ಓದಿದಾಗ ತರ್ಕಶಾಸ್ತ್ರವನ್ನು ಓದಿದ ನನಗೆ ಮೊದಲು ನಗು ಬಂದಿತು. ನಾವು ಪ್ರಮಾಣಗಳನ್ನು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ಎಣಿಸಿದ್ದೇವೆ. ಕೈಯನ್ನು ಪ್ರಮಾಣವೆಂದು ಎಣಿಸಿಲ್ಲ. ಆಮೇಲೆ ನನ್ನದೇ ಒಂದು ಪ್ರಸಂಗ ನೆನಪಾಗಿ ನಗು ನಿಂತಿತು. ಅಮರಕೋಶದ ವೈಶ್ಯವರ್ಗವನ್ನು ಹನ್ನೆರಡನೆಯ ವಯಸ್ಸಿನಲ್ಲಿಯೇ ಕಂಠಪಾಠಮಾಡಿದ್ದೆನು. ಈಷಾ, ಶಮ್ಯಾ, ಸೀತಾ ಎಂದು ನೇಗಿಲಿಗೆ ಸೇರಿದ ಪದಗಳನ್ನೆಲ್ಲ ತಡೆಯಿಲ್ಲದೆ ಒಪ್ಪಿಸುತ್ತಿದ್ದೆನು. ರಜೆಯಲ್ಲಿ ಊರಿಗೆ ಹೋದಾಗ ನೆರೆಮನೆಯ ಒಕ್ಕಲಿನ ಹುಡುಗನು ಹೊಲದ ಬದುವಿನಿಂದ ನನ್ನನ್ನು ಕೂಗಿ, “ಅಯ್ನೋರೇ, ಆ ಈಸು ಒಸಿ ಎತ್ತಿ ಹಿಡ್ಕಳಿ” ಎಂದನು. ಯಾವುದನ್ನು ಎತ್ತಬೇಕೆಂದು ತಿಳಿಯದೆ ನಾನು ಮೇಳಿಯನ್ನು ಹಿಡಿದೆನು. ಅವನು ನಕ್ಕು, ನೇಗಿಲಿನಿಂದ ನೊಗದವರೆಗೆ ಚಾಚಿದ್ದ ಉದ್ದನೆಯ ಮರವನ್ನು ತೋರಿಸಿದನು. ಅಮರಸಿಂಹನ ಈಷೆಯೇ ಅವನ ಬಾಯಲ್ಲಿ ಈಸು ಆಗಿದ್ದಿತು. ಪದವು ನನ್ನಲ್ಲಿತ್ತು, ಪದಾರ್ಥವು ಅವನಲ್ಲಿತ್ತು.

ನ್ಯಾಪನು ಹಿರಿಯರಿಗೆ ಮಾಡಿದ ಉಪಾಯವು ಮಕ್ಕಳಿಗೆ ಹರಿದುಬಂದುದು 1907ರಲ್ಲಿ. ಮಿಸಿಸಿಪ್ಪಿ ಸಂಸ್ಥಾನದ ಹೋಮ್ಸ್ ಜಿಲ್ಲೆಯ ಶಾಲಾಧಿಕಾರಿ ಡಬ್ಲ್ಯು. ಎಚ್. ಸ್ಮಿತ್ ಎಂಬಾತನು ಮುಸುಕಿನ ಜೋಳದ ಸಂಘವನ್ನು ಕಟ್ಟಿದನು. ಕೇಂದ್ರ ವ್ಯವಸಾಯ ಇಲಾಖೆಯು ಅವನನ್ನು ವರ್ಷಕ್ಕೆ ಒಂದು ಡಾಲರ್ ಸಂಬಳದ ಸಹಾಯಕನೆಂದು ನೇಮಿಸಿತು. ಹುಡುಗನಿಗೆ ಒಂದು ಎಕರೆ. ಉತ್ತು, ಬಿತ್ತಿ, ಗೊಬ್ಬರ ಹಾಕಿ, ಕೊಯ್ದು ಲೆಕ್ಕವಿಡುವ ಭಾರವೆಲ್ಲ ಅವನದೇ. ಬೆಳೆಯೂ ಅವನದೇ ಎಂಬುದು ಗಮನಾರ್ಹ. ಆರುಣಿಯು ಕಾಪಾಡಿದ ನೀರು ಗುರುವಿನ ಗದ್ದೆಗೆ ಹರಿಯಿತು. ಈ ಹುಡುಗನ ಜೋಳವು ಅವನ ಸ್ವಂತ ಚೀಲಕ್ಕೆ ಬಿದ್ದಿತು. ಎರಡು ಪದ್ಧತಿಗಳಲ್ಲಿಯೂ ಶಿಕ್ಷಣವಿದೆ. ಎರಡೂ ಒಂದೇ ಎಂದು ಹೇಳುವ ನಮ್ಮ ಕೆಲವು ಮಿತ್ರರ ಉತ್ಸಾಹವನ್ನು ನಾನು ಒಪ್ಪಲಾರೆ.

ಬಹುಮಾನಕ್ಕೆ ಅಂಕಗಳನ್ನು ಹಂಚಿದ ರೀತಿಯು ಸ್ವಾರಸ್ಯವಾಗಿದೆ. ನೂರರಲ್ಲಿ ಇಳುವರಿಗೆ 30, ಲಾಭಕ್ಕೆ 30, ತೆನೆಗಳ ಪ್ರದರ್ಶನಕ್ಕೆ 20, ಬೆಳೆಯನ್ನು ಬೆಳೆದ ಚರಿತ್ರೆಯನ್ನು ಬರೆದುದಕ್ಕೆ 20. ಎಂದರೆ ತಾನು ಮಾಡಿದುದನ್ನು ಕ್ರಮವಾಗಿ ಬರೆಯಲಾರದ ಹುಡುಗನಿಗೆ ಐದನೆಯ ಒಂದು ಪಾಲು ನಷ್ಟ. ಹೊಲದಿಂದ ಹೊರಟ ವಿದ್ಯೆಯು ಹೀಗೆ ಅಕ್ಷರಕ್ಕೆ ಬಂದು ಸೇರಿತು. ನಮ್ಮ ಪಾಠಶಾಲೆಗಳಲ್ಲಿ ಅಕ್ಷರದಿಂದ ಹೊರಟುದು ಹೊಲದವರೆಗೆ ತಲುಪಿದುದು ಅಪರೂಪ.

1910ರಲ್ಲಿ ದಕ್ಷಿಣ ಕ್ಯಾರೊಲೈನಾದ ಜೆರ್ರಿ ಮೂರ್ ಎಂಬ ಹುಡುಗನು ಒಂದೇ ಎಕರೆಯಲ್ಲಿ ಮುಕ್ಕಾಲು ಕೂಡಿದ 228 ಬುಷೆಲ್ ಬೆಳೆದನು. ನಮ್ಮ ಇಂದಿನ ತೂಕದಲ್ಲಿ ಇದು ಸುಮಾರು 58 ಕ್ವಿಂಟಾಲು. ಅದೇ ಸಂಸ್ಥಾನದ ರೈತರಿಗೆ ಎಕರೆಗೆ 20 ಬುಷೆಲ್ ಬಂದರೆ ಹೆಚ್ಚು. ಬೇಲಿಯ ಈಚೆಗೆ ಮಗನ ಎಕರೆ, ಆಚೆಗೆ ತಂದೆಯ ಹೊಲ. ತಂದೆಗೆ ಯಾವ ಉಪನ್ಯಾಸವೂ ಬೇಕಾಗಲಿಲ್ಲ. ವಿಪುಲವಾಗಿ ಗೊಬ್ಬರ ಸುರಿದು ಒಂದು ಎಕರೆಯಲ್ಲಿ ಪಡೆದುದನ್ನು ಬಡರೈತನು ನೂರು ಎಕರೆಯಲ್ಲಿ ಪಡೆಯಲಾರನೆಂಬ ಆಕ್ಷೇಪವೂ ಸರಿಯಾದುದೇ. ಲಾಭಕ್ಕೂ ಮೂವತ್ತು ಅಂಕಗಳನ್ನಿಟ್ಟವರು ಈ ಆಕ್ಷೇಪವನ್ನು ಮೊದಲೇ ಕಂಡಿದ್ದರೆಂದು ತೋರುತ್ತದೆ.

ಅದೇ 1910ರಲ್ಲಿ, ಅದೇ ಸಂಸ್ಥಾನದ ಏಕನ್ ಜಿಲ್ಲೆಯಲ್ಲಿ, ಮೇರಿ ಕ್ರೋಮರ್ ಎಂಬ ಶಾಲೆಯ ಉಪಾಧ್ಯಾಯಿನಿಯು ಹುಡುಗಿಯರಿಗೂ ಒಂದು ಸಂಘವನ್ನು ಕಟ್ಟಿದಳು. ಒಂದು ಎಕರೆಯ ಹತ್ತನೆಯ ಒಂದು ಭಾಗದಲ್ಲಿ ಟೊಮ್ಯಾಟೊ ಬೆಳೆದು, ಹಣ್ಣನ್ನು ಡಬ್ಬಿಗಳಲ್ಲಿ ಕೆಡದಂತೆ ಮುಚ್ಚಿ ಮಾರುವುದು ಅವರ ಕೆಲಸ. ಅನೇಕ ಹುಡುಗಿಯರಿಗೆ ಸ್ವಂತವೆಂದು ಹೇಳಿಕೊಳ್ಳಬಹುದಾದ ಮೊದಲ ಹಣವು ಹೀಗೆ ಬಂದಿತು.

ಸಂಘಗಳ ಲಾಂಛನವು ಕ್ಲೋವರ್ ಎಂಬ ಸೊಪ್ಪಿನ ಎಲೆ. ಮೊದಲು ಮೂರು ದಳ: ತಲೆ, ಹೃದಯ, ಕೈ. ಆಂಗ್ಲಭಾಷೆಯಲ್ಲಿ ಮೂರೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ನಾಲ್ಕನೆಯ ದಳಕ್ಕೆ ಮೊದಲು ಚುರುಕುತನವೆಂಬ ಅರ್ಥದ ಪದವನ್ನು ಇಟ್ಟಿದ್ದರು. 1911ರಲ್ಲಿ ಅದನ್ನು ತೆಗೆದು ಆರೋಗ್ಯವನ್ನು ಇಟ್ಟರು. 1914ರ ಮೇ 8ರಂದು ಅಧ್ಯಕ್ಷ ವಿಲ್ಸನ್ನನು ಸ್ಮಿತ್-ಲೀವರ್ ಶಾಸನಕ್ಕೆ ರುಜು ಹಾಕಿದ ಮೇಲೆ ಕೃಷಿಕಾಲೇಜುಗಳ ಮೂಲಕ ಜಿಲ್ಲೆ ಜಿಲ್ಲೆಗೆ ಸಂಬಳದ ಅಧಿಕಾರಿಗಳು ಬಂದರು. ಆದರೆ ಜಿಲ್ಲೆಯ ಒಬ್ಬಿಬ್ಬರು ಅಧಿಕಾರಿಗಳು ಹಳ್ಳಿಹಳ್ಳಿಯ ಸಂಘವನ್ನು ನಡೆಸಲಾರರು. ನಡೆಸಿದವರು ಆಯಾ ಊರಿನ ರೈತ, ರೈತನ ಹೆಂಡತಿ, ಶಾಲೆಯ ಮೇಷ್ಟರು. ಸಂಬಳವಿಲ್ಲದ ಇವರ ಅಡುಗೆಮನೆಯೋ ಕೊಟ್ಟಿಗೆಯೋ ಸಂಘದ ಸಭಾಸ್ಥಾನ. ಗ್ರಹಾಂ, ನ್ಯಾಪ್, ಕ್ರೋಮರ್ ಎಂಬ ಹೆಸರುಗಳನ್ನು ನಾನೂ ಮೇಲೆ ಬರೆದೆನು. ಇವರ ಹೆಸರುಗಳನ್ನು ಬರೆಯಲಿಲ್ಲ. ಅದು ಈ ಬಗೆಯ ಚರಿತ್ರೆಯ ದೋಷವೇ ಸರಿ.

ಇದಕ್ಕಿಂತ ಘೋರವಾದ ದೋಷವೊಂದನ್ನು ಮುಚ್ಚಿಡಲಾಗದು. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯ ಜನರ ಮಕ್ಕಳಿಗೆ ಬೇರೆಯೇ ಸಂಘ, ಬೇರೆಯೇ ಅಧಿಕಾರಿ, ಬೇರೆಯೇ ಶಿಬಿರ. 1906ರಲ್ಲಿ ಟಸ್ಕೀಗೀ ವಿದ್ಯಾಸಂಸ್ಥೆಯಿಂದ ಜೆಸಪ್ ಬಂಡಿಯೆಂಬ ಸಂಚಾರಿ ಪಾಠಶಾಲೆಯು ಹೊರಟಿತು. ಅದನ್ನು ರೂಪಿಸಿದವನು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಹಳ್ಳಿಗಳಿಗೆ ನಡೆಸಿದವನು ಥಾಮಸ್ ಕ್ಯಾಂಬೆಲ್. ಮಾಡಿ ಕಲಿಸುವ ವಿದ್ಯೆಯಲ್ಲಿ ಇವರು ಯಾರಿಗೂ ಹಿಂದಾಗಿರಲಿಲ್ಲ. ಆದರೆ 1914ರ ಶಾಸನದ ಹಣವನ್ನು ಯಾವ ಕಾಲೇಜಿಗೆ ಕೊಡಬೇಕೆಂಬ ನಿರ್ಣಯವನ್ನು ಆಯಾ ಸಂಸ್ಥಾನಗಳಿಗೇ ಬಿಟ್ಟುದರಿಂದ, ದಕ್ಷಿಣದಲ್ಲಿ ಅದು ಬಿಳಿಯರ ಕಾಲೇಜುಗಳ ಕೈಸೇರಿತು. 1964ರ ನಾಗರಿಕ ಹಕ್ಕುಗಳ ಶಾಸನದ ತರುವಾಯ ಸಂಘಗಳನ್ನು ಒಂದುಗೂಡಿಸಿದಾಗಲೂ ಅನೇಕ ಕರಿಯ ಅಧಿಕಾರಿಗಳು ತಮ್ಮ ಸ್ಥಾನದಿಂದ ಕೆಳಗಿಳಿಯಬೇಕಾಯಿತು. ಅಲಬಾಮಾದಲ್ಲಿ ಈ ವ್ಯಾಜ್ಯವು ನ್ಯಾಯಾಲಯಕ್ಕೇರಿ 1971ರಲ್ಲಿ ಪಕ್ಷಪಾತವು ಸ್ಥಾಪಿತವಾಯಿತು. ಒಂದೇ ಹೊಲದಲ್ಲಿ ಕಲಿಯಲು ಬಿಡದವರು ನಾಲ್ಕು ದಳಗಳಲ್ಲಿ ಹೃದಯವನ್ನೂ ಒಂದೆಂದು ಎಣಿಸಿದ್ದರು. ನಮ್ಮ ಪಾಠಶಾಲೆಗಳ ಬಾಗಿಲುಗಳನ್ನು ಬಲ್ಲ ನಾನು ಇದನ್ನು ಹೊರಗಿನವನ ಗರ್ವದಿಂದ ಬರೆಯುತ್ತಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಸಮೀಪವಾದ ಪ್ರಯತ್ನವು 1922ರಲ್ಲಿ ರವೀಂದ್ರನಾಥ ಠಾಕೂರರು ಆರಂಭಿಸಿದ ಶ್ರೀನಿಕೇತನದ್ದು. ಅದರ ಮೊದಲ ನಿರ್ದೇಶಕ ಲೆನರ್ಡ್ ಎಲ್ಮ್‌ಹರ್ಸ್ಟ್ ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವ್ಯವಸಾಯವನ್ನು ಓದಿ ಬಂದವನು. ಅಲ್ಲಿ ಹಳ್ಳಿಯ ಹುಡುಗರ ‘ವ್ರತೀಬಾಲಕ’ ದಳಗಳು ಬಾಲಚರರ ಮಾದರಿಯಲ್ಲಿ ಏರ್ಪಟ್ಟು, ಊರಿನ ಸೇವಾಕಾರ್ಯಗಳಲ್ಲಿ ತೊಡಗಿದುವು. ಕನ್ನಡನಾಡಿಗೆ ಅಮೆರಿಕಾದ ಕೃಷಿಕಾಲೇಜಿನ ಮಾದರಿಯು ನೇರವಾಗಿ ಬಂದುದು 1964ರಲ್ಲಿ, ಟೆನೆಸ್ಸಿ ವಿಶ್ವವಿದ್ಯಾನಿಲಯದ ಸಹಾಯದಿಂದ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ. ಟೆನೆಸ್ಸಿಯೂ ಆ ಸೊಂಡಿಲಿನ ಹುಳುವನ್ನು ಕಂಡ ಹತ್ತಿಯ ಸೀಮೆಯೇ.